ಓಣಿಯ ಹುಡುಗರು ಮಾತು ಬಿಟ್ಟ ಬೇಸಿಗೆ

ಆಗ ನಮ್ಮ ಬೆಟಗೇರಿಯಲ್ಲಿ ಯಾವ ಓಣಿಗೆ ಹೋಗಿ ನಿಂತರೂ ಒಳಗಿನಿಂದ ಮಗ್ಗದ ಸದ್ದು, ಹೊರಗೆ ಹುಡುಗರ ಗದ್ದಲ. ಬೇಸಿಗೆಯ ರಜೆ ಬಂತೆಂದರೆ ಆ ಗದ್ದಲದಲ್ಲಿ ಮಗ್ಗದ ಸದ್ದೇ ಮುಚ್ಚಿಹೋಗುತ್ತಿತ್ತು. ನಾನು ಹೇಳಹೊರಟಿರುವ ಬೇಸಿಗೆಯಲ್ಲಿ ಮಾತ್ರ ಮಗ್ಗದ ಸದ್ದೊಂದೇ ಉಳಿಯಿತು. ಗಂಡುಹುಡುಗರೆಲ್ಲ ಮಾತು ಬಿಟ್ಟಿದ್ದರು. ನನಗಾಗ ಹತ್ತು ವರ್ಷ.

ಹುಡುಗರು ಹಾಗಾಗಲು ಕಾರಣ ನಮ್ಮ ಗುರುಮಾಮಾ, ಅವ್ವನ ಖಾಸಾ ತಮ್ಮ. ಅವನು ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಬಹಳ ವರ್ಷ ಗೇಟಿನ ಕೆಲಸ ಮಾಡಿದ್ದ. ಟಾಕೀಸು ಮುಚ್ಚಿದ ಮೇಲೆ ಒಂದು ಹಳೆಯ ಟಿವಿ, ಒಂದು ವಿಡಿಯೊ ಪೆಟ್ಟಿಗೆ, ಗೋಣಿಚೀಲದ ತುಂಬ ಕ್ಯಾಸೆಟ್ಟು ಕಟ್ಟಿಕೊಂಡು ಊರಿಗೆ ಬಂದ. ನಮ್ಮ ಓಣಿಯ ತುದಿಯಲ್ಲಿ ನೂಲಿನ ಗೋದಾಮೊಂದು ಖಾಲಿ ಬಿದ್ದಿತ್ತು. ಅದರ ಕಿಟಕಿಗೆ, ಬಾಗಿಲಿಗೆ ಕಂಬಳಿ ಕಟ್ಟಿ, ನೆಲಕ್ಕೆ ತಾಡಪತ್ರಿ ಹಾಸಿ, ದಿನಾ ಮಧ್ಯಾಹ್ನ ಎರಡಕ್ಕೆ ಆಟ ಶುರು ಮಾಡಿದ. ಒಳಗೆ ಹಳೇ ನೂಲಿನ ಗಂಜಿಯ ವಾಸನೆ, ಬೀಡಿಯ ಹೊಗೆ, ಮೇಲೆ ಕಾದ ತಗಡು. ಮಾಮಾನ ಅಕ್ಕನ ಮಗಳು ಅಂತ ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಅಲ್ಲಿ ಬರುತ್ತಿದ್ದ ಹೆಣ್ಣುಹುಡುಗಿ ನಾನೊಬ್ಬಳೇ.

ಕ್ಯಾಸೆಟ್ಟುಗಳೆಲ್ಲ ಇಂಗ್ಲಿಷಿನವು. ಕುದುರೆ, ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು. ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಊರು ಮಾತ್ರ ಎಲ್ಲರಿಗೂ ಗುರುತಿನದು ಅನ್ನಿಸುತ್ತಿತ್ತು. ಬೋಳು ಗುಡ್ಡ, ಕುರುಚಲು ಗಿಡ, ಬಿಸಿಲಿಗೆ ನಡುಗುವ ದೂರದ ದಾರಿ. "ಏ, ಇದು ಮಲ್ಲಸಮುದ್ರದ ಗುಡ್ಡ ಐತಲೇ" ಎಂದು ಯಾರಾದರೂ ಅನ್ನುವರು. "ಅಲ್ಲೋ, ಮುಳಗುಂದದ ಹಾದಿ" ಎಂದು ಇನ್ನೊಬ್ಬರು. ಮಾಮಾ ಟಿವಿಯ ಪಕ್ಕದಲ್ಲಿ ಒಂದು ಕೋಲು ಹಿಡಿದು ನಿಂತು, ಯಾರು ಏನು ಹೇಳಿದರು ಎಂಬುದನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಮಂದಿ ಬರುತ್ತಿದ್ದುದು ಅರ್ಧ ಸಿನಿಮಾಕ್ಕೆ, ಅರ್ಧ ಮಾಮಾನ ಮಾತಿಗೆ.

ಖಳರು, ಮುದುಕರು, ಹೆಂಗಸರು, ಇವರ ಮಾತೆಲ್ಲ ಮಾಮಾನ ಬಾಯಲ್ಲಿ ಉದ್ದುದ್ದ. ನಾಯಕ ಬಂದರೆ ಮಾತ್ರ ದನಿ ಇಳಿಸಿಬಿಡುತ್ತಿದ್ದ. "ನೋಡ್ರಿ, ಅಂವಾ ಮಾತಾಡಂಗಿಲ್ಲ. ಗಂಡಸಾದಂವಾ ಮಾತಾಡಂಗಿಲ್ಲ. ಮಾಡಿ ತೋರಸ್ತಾನ." ಪರದೆಯ ಮೇಲೆ ನಾಯಕನ ತುಟಿ ಎಷ್ಟು ಹೊತ್ತು ಅಲುಗಾಡಿದರೂ ಮಾಮಾ ಕೊಡುತ್ತಿದ್ದುದು ಎರಡು ಶಬ್ದ, ಹೆಚ್ಚೆಂದರೆ ಮೂರು.

ಒಂದು ವಾರದಲ್ಲಿ ಓಣಿ ಬದಲಾಯಿತು. ಹುಡುಗರು ಮಗ್ಗದಲ್ಲಿ ನೂಲು ಹಾಯಿಸುವ ಹಳೇ ಲಾಳಿಗಳನ್ನು ಮನೆಯಿಂದ ಕದ್ದು ತಂದು ಪಿಸ್ತೂಲಿನ ಹಾಗೆ ಸೊಂಟಕ್ಕೆ ಸಿಗಿಸಿಕೊಂಡರು. ಹಲ್ಲಿನ ನಡುವೆ ಕಡ್ಡಿ. ಕಣ್ಣು ಅರ್ಧ ಮುಚ್ಚಿರಬೇಕು. ಅವ್ವಂದಿರು ಊಟಕ್ಕೆ ಕರೆದರೆ ಓ ಅನ್ನದೆ ಬರೀ ಗದ್ದ ಎತ್ತುವುದು. ಇಬ್ಬರು ಓಣಿಯ ಎರಡು ತುದಿಗೆ ನಿಂತು, ಒಬ್ಬರ ಕಡೆ ಒಬ್ಬರು ಸಾವಕಾಶ ನಡೆದು ಬರುವುದೇ ಆಟ. ಚಿಣಿ ದಾಂಡು, ಗೋಲಿ ಎಲ್ಲ ಮೂಲೆಗೆ ಬಿದ್ದವು. ಮೊದಮೊದಲು ಹೆಂಗಸರು ನಕ್ಕರು. "ಹುಡುಗೂರಿಗೆ ಸೆಕಿ ತಲಿಗೆ ಏರೈತಿ" ಅಂದರು. ಆಮೇಲಾಮೇಲೆ ನಗುವುದು ಕಡಿಮೆಯಾಯಿತು. ಅಷ್ಟು ಮಕ್ಕಳಿರುವ ಓಣಿ ನಡುಮಧ್ಯಾಹ್ನ ಹಾಗೆ ಸುಮ್ಮನಿದ್ದರೆ ಒಳಗೆ ಕೂತವರಿಗೆ ಏನೋ ಆಗುತ್ತದೆ.

ನಮ್ಮಣ್ಣ ಮಂಜು ಆಗ ಹದಿನೈದರವನು. ಅವನು ಮೊದಲು ಭಾಳ ಮಾತಿನವ. ಅಪ್ಪ ತಗ್ಗಿನ ಮಗ್ಗದಲ್ಲಿ ಕೂತು ನೇಯುತ್ತಿದ್ದರೆ ಇವನು ದಂಡೆಗೆ ಕೂತು ಶಾಲೆಯ ಮಾಸ್ತರರು ನಡೆಯುವ ರೀತಿ, ಬಸ್ಸಿನ ಕಂಡಕ್ಟರ್ ಬೈಯುವ ರೀತಿ ಮಾಡಿ ತೋರಿಸುತ್ತಿದ್ದ. ಅಪ್ಪ ನಕ್ಕೂ ನಕ್ಕೂ ಲಾಳಿ ಒಗೆಯುವುದನ್ನು ಮರೆಯುತ್ತಿದ್ದ. ಅಪ್ಪನ ಹೆಸರು ಶಂಕ್ರಪ್ಪ. ಮೆತ್ತಗಿನ ಮನುಷ್ಯ. ಅವ್ವನಿಗೆ ಕೆಲಸವಿದ್ದ ದಿನ ನನ್ನ ಜಡೆ ಹಾಕುತ್ತಿದ್ದವನು ಅವನೇ. ಅಷ್ಟು ಸಣ್ಣಗೆ, ಅಷ್ಟು ಬಿಗಿಯಾಗಿ ಅವ್ವನಿಗೂ ಹಾಕಲು ಬರುತ್ತಿರಲಿಲ್ಲ.

ಅಪ್ಪ ನೇಯುತ್ತಿದ್ದುದು ಒಬ್ಬ ಸಾವ್ಕಾರರ ಸೀರೆಗಳನ್ನು. ನೂಲು ಅವರದು, ದುಡಿಮೆ ನಮ್ಮದು. ಆ ವರ್ಷ ಅಪ್ಪ ಒಂದು ಹೊಸ ಅಂಚು ಕಂಡುಹಿಡಿದಿದ್ದ. ಜೋಳದ ತೆನೆಗಳು ಒಂದರ ಹಿಂದೆ ಒಂದು ಗಾಳಿಗೆ ಬಾಗಿದ ಹಾಗೆ. ಚೌಕಳಿ ಕಾಗದದ ಮೇಲೆ ತಿಂಗಳುಗಟ್ಟಲೆ ಚುಕ್ಕಿ ಇಟ್ಟು ಬರೆದಿದ್ದ. ಸಾವ್ಕಾರರೂ ಹಿಗ್ಗಿದ್ದರು. ಅಷ್ಟರಲ್ಲಿ ಯಾರೋ ಒಬ್ಬ ವ್ಯಾಪಾರಿ, ಶಂಕ್ರಪ್ಪ ಆ ಅಂಚನ್ನು ತನಗೂ ಕೊಟ್ಟಿದ್ದಾನೆ ಎಂದು ಅವರ ಕಿವಿಗೆ ಹಾಕಿದ.

ಆ ಸಂಜೆ ಅಪ್ಪ ನಮ್ಮಿಬ್ಬರನ್ನೂ ಗಿರಮಿಟ್ಟು ತಿನ್ನಿಸಲು ಪ್ಯಾಟೆಗೆ ಕರೆದುಕೊಂಡು ಹೋಗಿದ್ದ. ಚಹಾದಂಗಡಿಯ ಮುಂದೆ ನಿಂತಿದ್ದೆವು. ಮಿರ್ಚಿ ಕರಿಯುವ ಎಣ್ಣೆಯ ವಾಸನೆಗೆ ನನ್ನ ಬಾಯಿ ಒದ್ದೆಯಾಗಿತ್ತು. ಸಾವ್ಕಾರರು ನೆಟ್ಟಗೆ ನಡೆದು ಬಂದರು. "ನನ್ನ ಉಪ್ಪು ತಿಂದು ಮಂದಿಗೆ ಅಂಚು ಕೊಡ್ತೀಯೇನಲೇ" ಅಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಕೆನ್ನೆಗೆ ಹೊಡೆದರು. ಅಪ್ಪನ ಕೈಯಲ್ಲಿದ್ದ ತಾಟಿನಿಂದ ಚುರುಮರಿ ಚೆಲ್ಲಿತು. ಅಂಗಡಿಯ ಮುಂದಿದ್ದವರೆಲ್ಲ ಸುಮ್ಮನೆ ನೋಡಿದರು. ಸಾವ್ಕಾರರು ಹೋದ ಮೇಲೆ ಅಪ್ಪ ಉಳಿದದ್ದನ್ನು ನನ್ನ ಕೈಗೆ ಕೊಟ್ಟು, "ನೀ ತಿನ್ನವಾ" ಅಂದ. ಅವನ ಕೆನ್ನೆಯ ಮೇಲೆ ಬೆರಳು ಮೂಡಿದ್ದವು. ನಾನು ತಿಂದೆ. ಅದೂ ನೆನಪಿದೆ ನನಗೆ, ತಿಂದದ್ದು.

ದಾರಿಯಲ್ಲಿ ಮಂಜಣ್ಣ ಕೇಳಿದ. "ಅಪ್ಪಾ, ಯಾಕ ಸುಮ್ನ ನಿಂತಿ?"

"ಸಿಟ್ಟಿನ್ಯಾಗ ಹೊಡದಾನ. ನಾಕ ದಿನಕ್ಕ ಖರೆ ಏನು ಅಂತ ಅವಗ ತಿಳೀತೈತಿ."

"ನೀ ತಿರುಗಿ ಒಂದ ಮಾತೂ ಆಡಲಿಲ್ಲಲ್ಲ."

"ಮಾತಿಗೆ ಮಾತು ಕೂಡಿಸಿದ್ರ ಹೋದ ಮಾನ ತಿರುಗಿ ಬರ್ತೈತೇನು? ನಡಿ, ಕತ್ತಲಾತು."

ಮಂಜಣ್ಣ ಮತ್ತೆ ಕೇಳಲಿಲ್ಲ. ಉಳಿದ ಹುಡುಗರದು ಆಟ. ಇವನದು ಅವತ್ತಿನಿಂದ ಆಟವಾಗಿ ಉಳಿಯಲಿಲ್ಲ.

ಆ ತಿಂಗಳು ಹುಬ್ಬಳ್ಳಿಯಿಂದ ಹೊಸ ಕ್ಯಾಸೆಟ್ಟು ಬರಲಿಲ್ಲ. ಮಾಮಾ ಇದ್ದುದರಲ್ಲಿ ಮಂದಿಗೆ ಹೆಚ್ಚು ಸೇರಿದ ಒಂದನ್ನೇ ದಿನಾ ಹಾಕತೊಡಗಿದ. ಅದರ ಕತೆ ಹೀಗಿತ್ತು. ಒಂದೂರಿನ ಧಣಿ ಒಬ್ಬ ಬಡವನನ್ನು ಸಂತೆಯ ನಡುವೆ ಚಾಟಿಯಲ್ಲಿ ಹೊಡೆಸುತ್ತಾನೆ. ಬಡವನ ಮಗ ಊರು ಬಿಟ್ಟು ಹೋಗಿ, ದೊಡ್ಡವನಾಗಿ, ಸೇಡಿಗೆ ಮರಳಿ ಬರುತ್ತಾನೆ. ಅವನಿಗೆ ಅನ್ನ ಹಾಕಿ ಆಸರೆ ಕೊಟ್ಟವಳು ಒಬ್ಬ ವಿಧವೆ. ಕೊನೆಯ ಕಾಳಗಕ್ಕೆ ಹೊರಡುವ ಮೊದಲು ಅವನು ಅವಳ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಬೆನ್ನು ಅರ್ಧ ತಿರುಗಿರುತ್ತದೆ. ಸಾಕಷ್ಟು ಹೊತ್ತು ಏನೋ ಹೇಳುತ್ತಾನೆ. ಅವಳು ಅಳುತ್ತಾಳೆ. ಮಾಮಾ ಅಷ್ಟೂ ಹೊತ್ತು ಸುಮ್ಮನಿದ್ದು, ಕಡೆಗೆ ಕೋಲು ಎತ್ತಿ ಒಂದೇ ಮಾತು ಹೇಳುತ್ತಿದ್ದ.

"ಬಾಗಲಾ ಹಾಕ್ಕೋ."

ಗೋದಾಮಿನ ತುಂಬ ಸೀಟಿ ಬೀಳುತ್ತಿದ್ದವು. ಮಂಜಣ್ಣ ಮಾತ್ರ ಸೀಟಿ ಹೊಡೆಯುತ್ತಿರಲಿಲ್ಲ. ಮೂರನೇ ಸಾಲಿನಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು ನೋಡುತ್ತಿದ್ದ. ದಿನಾ ಬರುತ್ತಿದ್ದ.

ಮನೆಯಲ್ಲಿ ಅವನು ಉಣ್ಣುವುದು ಕಡಿಮೆಯಾಯಿತು. ಮಗ್ಗದ ದಂಡೆಗೆ ಹೋಗಿ ಕೂರುವುದು ನಿಂತಿತು. ಅಪ್ಪ ಕರೆಯುತ್ತಿದ್ದ. "ಮಂಜಾ, ಬಾರೋ, ಆ ಕಂಡಕ್ಟರನ ಬೈಗಳಾ ಮತ್ತೊಮ್ಮೆ ಮಾಡು." ಮಂಜಣ್ಣ ಬಾಗಿಲಿಗೆ ಒರಗಿ ನಿಂತು ಅಪ್ಪನನ್ನು ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಪ್ಪ ಸಮಾಧಾನ ಮಾಡುತ್ತಿದ್ದನೇನೋ. ಅದು ಪರಿಚಯವಿಲ್ಲದವರನ್ನು ನೋಡುವ ನೋಟ. ಒಂದು ದಿನ ಮಾತ್ರ, "ನಿನ್ನ ಜಾಗಾದಾಗ ನಾ ಇದ್ದಿದ್ರ..." ಅಂದ. ಅಪ್ಪ ಲಾಳಿ ಹಿಡಿದು ಕಾದ. ಮಂಜಣ್ಣ ಮಾತು ಮುಗಿಸದೆ ಹೊರಗೆ ಹೋದ.

"ಈ ಹುಡುಗನ ಮೈಯಾಗ ಏನೋ ಹೊಕ್ಕೈತಿ" ಎಂದು ಅವ್ವ ನೀವಳಿಸಿ ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಿದಳು. ಮನೆಯೆಲ್ಲ ಘಾಟು.

ನಾನು ಅಂಜಿದ್ದೆನೇ? ಇಲ್ಲ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಹೆಮ್ಮೆಯಾಗಿತ್ತು. ಅಪ್ಪನ ಕೆನ್ನೆಯ ಮೇಲೆ ಬೆರಳು ಮೂಡಿದ್ದನ್ನು ನಾನೂ ನೋಡಿದ್ದೆ. ಒಂದು ದಿನ ಮಾಳಿಗೆಯ ಮೇಲೆ ನಾವಿಬ್ಬರೇ ಇದ್ದಾಗ ಕೇಳಿದೆ. "ಮಂಜಣ್ಣಾ, ಸಾವ್ಕಾರನ್ನ ಏನ ಮಾಡ್ತಿ?"

ಅವನು ನನ್ನ ಕಡೆ ತಿರುಗಿದ. "ಯಾರ ಮುಂದನೂ ಬಾಯಿ ಬಿಡಬ್ಯಾಡ ಸರೂ" ಅಂದ.

ಆ ಗುಟ್ಟನ್ನು ನಾನು ಬೆಲ್ಲದ ಹರಳಿನಂತೆ ಬಾಯಲ್ಲಿಟ್ಟುಕೊಂಡು ತಿರುಗಿದೆ. ಸಾವ್ಕಾರರು ದಿನಾ ನಾಲ್ಕರ ಸುಮಾರಿಗೆ ನಿದ್ದೆಯಿಂದೆದ್ದು ತಮ್ಮ ಮನೆಯ ಮುಂದಿನ ಕಟ್ಟೆಗೆ ಬಂದು ಕೂರುತ್ತಾರೆ ಎಂಬುದು ಊರಿಗೇ ಗೊತ್ತಿತ್ತು. ಮಂಜಣ್ಣ ಆ ಹೊತ್ತಿಗೆ ಎರಡು ಮೂರು ಸಲ ಆ ಓಣಿಯಲ್ಲಿ ಹಾದು ಬಂದದ್ದನ್ನು ನಾನು ನೋಡಿದ್ದೆ. ಹೇಳಲಿಲ್ಲ.

ಅವತ್ತು ಶುಕ್ರವಾರ. ಅಜ್ಜಿಗೆ ಆರಾಮಿಲ್ಲ ಎಂದು ಅವ್ವ ಬೆಳಿಗ್ಗೆಯೇ ಮಲ್ಲಸಮುದ್ರಕ್ಕೆ ಹೋಗಿದ್ದಳು. ಅಪ್ಪ ಮಧ್ಯಾಹ್ನ ಬೇಗ ಮಗ್ಗದಿಂದೆದ್ದು, ಒಗೆದ ಅಂಗಿ ತೊಟ್ಟು, "ಒಂದೀಟು ಕೆಲಸ ಐತಿ" ಎಂದು ಹೊರಗೆ ಹೋದ. ಎಲ್ಲಿಗೆ ಎಂದು ಹೇಳಲಿಲ್ಲ. ಮಂಜಣ್ಣ ಪುಂಡಿಪಲ್ಯದ ಜೊತೆ ರೊಟ್ಟಿ ತಿನ್ನುತ್ತಿದ್ದ. ಅವನಿಗೆ ನೀರು ಕೊಡಲು ಎದ್ದಾಗ ನನ್ನ ಕಣ್ಣು ಹಿತ್ತಲ ಬಾಗಿಲ ಪಕ್ಕದ ಗೋಡೆಗೆ ಹೋಯಿತು. ಆಡಿಗೆ ಸೊಪ್ಪು ಕೊಯ್ಯುವ ಕುಡಗೋಲು ಅಲ್ಲೊಂದು ಮೊಳೆಗೆ ತೂಗಾಡುತ್ತಿತ್ತು ಯಾವಾಗಲೂ. ಮೊಳೆ ಖಾಲಿ ಇತ್ತು.

ಮಂಜಣ್ಣ ಕೈ ತೊಳೆದುಕೊಂಡ. ಮೂಲೆಯಲ್ಲಿದ್ದ ಟವಲಿನ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡ. ಹೊಸ್ತಿಲು ದಾಟಿ, ಅರ್ಧ ಬೆನ್ನು ತಿರುಗಿಸಿ ನಿಂತ.

"ಬಾಗಲಾ ಹಾಕ್ಕೋ" ಅಂದ.

ನಾನು ಬಾಗಿಲು ಹಾಕಿದೆ. ಚಿಲಕವನ್ನೂ ಹಾಕಿದೆ. ಹಾಕಿ, ಒಳಗೆ ನಿಂತೆ. ಮನೆಯಲ್ಲಿ ಯಾರೂ ಇರಲಿಲ್ಲ, ಮಗ್ಗವೂ ನಿಂತಿತ್ತು. ನನ್ನ ಬಾಯಲ್ಲಿದ್ದ ಬೆಲ್ಲ ಆಗ ಕಹಿಯಾಯಿತು. ಸಿನಿಮಾದಲ್ಲಿ ಆ ಮಾತಿನ ನಂತರ ಏನಾಗುತ್ತದೆ ಎಂದು ನನಗೆ ಬಾಯಿಪಾಠವಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಚಿಲಕ ತೆಗೆದು ಗೋದಾಮಿಗೆ ಓಡಿದೆ.

ಆಟ ಅರ್ಧ ದಾಟಿತ್ತು. ಮಂಜಣ್ಣ ಮೂರನೇ ಸಾಲಿನಲ್ಲಿದ್ದ, ಗಂಟು ತೊಡೆಯ ಮೇಲೆ. ಅವನು ಇನ್ನೂ ಅಲ್ಲೇ ಇದ್ದಾನೆ ಎಂಬುದೇ ನನಗೆ ದೊಡ್ಡದಾಯಿತು. ನಾನು ಗೋಡೆಗುಂಟ ಹೋಗಿ ಮಾಮಾನ ಅಂಗಿ ಜಗ್ಗಿ, ಕಿವಿಯಲ್ಲಿ ಹೇಳಿದೆ. ಕುಡಗೋಲು, ಸಾವ್ಕಾರ, ನಾಲ್ಕು ಗಂಟೆ. ಮಾಮಾನ ಕೋಲು ಗಾಳಿಯಲ್ಲೇ ನಿಂತಿತು. ಅವನು ಒಮ್ಮೆ ಮಂಜಣ್ಣನ ಕಡೆ ನೋಡಿದ. "ಕುಂಡ್ರು" ಎಂದು ನನ್ನ ಹೆಗಲು ಒತ್ತಿದ.

ಎದ್ದು ಹೋಗಿ ಹುಡುಗನ ಕೈ ಹಿಡಿಯಬೇಕಿತ್ತು, ಗಂಟು ಕಸಿದುಕೊಳ್ಳಬೇಕಿತ್ತು. ಈಗ ಹಾಗನ್ನಿಸುತ್ತದೆ. ಆದರೆ ಅಷ್ಟು ಮಂದಿಯ ನಡುವೆ ಗಂಟು ಬಿಚ್ಚಿದರೆ ಹುಡುಗನ ಗತಿ ಏನು ಎಂದು ಮಾಮಾ ಹೆದರಿರಬೇಕು. ಅವನಿಗೆ ಗೊತ್ತಿದ್ದುದು ಮಾತೊಂದೇ. ವಿಧವೆಯ ಹೊಸ್ತಿಲಿನ ದೃಶ್ಯ ಬಂತು. ಮಂದಿ ಸೀಟಿಗೆ ಬೆರಳು ಬಾಯಿಗಿಟ್ಟು ತಯಾರಾದರು. ಮಾಮಾ ಆ ದಿನ ಸುಮ್ಮನಿರಲಿಲ್ಲ.

"ಇಂವಾ ಆಕಿಗೆ ಹೇಳಾಕತ್ತಾನ" ಅಂದ. "ನನಗ ಅಂಜಿಕಿ ಬಂದೈತಿ. ನನ್ನ ಕೈ ನಡಗಾಕತ್ತಾವು. ನಮ್ಮಪ್ಪ ನನಗ ಇದನ್ನ ಮಾಡು ಅಂತ ಎಂದೂ ಹೇಳಿಲ್ಲ. ನಾ ಯಾಕ ಹೊಂಟೀನಿ ನನಗ ತಿಳಿವಲ್ದು. ನನ್ನ ಬಿಡಬ್ಯಾಡ, ಹಿಡಕೋ."

ಆಮೇಲೆ ಹಿಂದಿನಿಂದ ಯಾರೋ ನಕ್ಕರು. "ಏ ಗುರಪ್ಪಾ, ನಿನ್ನೆ ಹಿಂಗ ಇದ್ದಿದ್ದಿಲ್ಲಲ್ಲೋ. ಇವತ್ತ ಏನು ಕೈಗೆ ಬಳಿ ಇಟ್ಕೊಂಡಾನೇನು ನಿಮ್ಮ ಹೀರೋ?" ಎಲ್ಲರೂ ನಕ್ಕರು. ತಾಡಪತ್ರಿಯ ಮೇಲೆ ಕೈ ಬಡಿದರು. "ಬಾಗಲಾ ಹಾಕ್ಕೋ ಅನ್ನಲೇ" ಎಂದು ಕೂಗಿದರು.

ಮಂಜಣ್ಣ ಎದ್ದ. ಬಾಗಿಲ ಕಂಬಳಿ ಸರಿಸಿದಾಗ ಬಿಸಿಲು ಒಳಗೆ ನುಗ್ಗಿತು. ಆ ಬೆಳಕಿನಲ್ಲಿ ಒಮ್ಮೆ ತಿರುಗಿ ಮಾಮಾನನ್ನು ನೋಡಿ, ಹೊರಗೆ ಹೋದ. ಮಾಮಾ ಕೋಲು ಒಗೆದು ಬೆನ್ನಟ್ಟಲು ಹೋದ. ಮುಂದಿನ ಸಾಲಿನವರು ಅವನ ಅಂಗಿ ಹಿಡಿದರು. "ಎಲ್ಲಿಗ್ಹೊಂಟಿ? ಆಟಾ ಮುಗಸಿ ಹೋಗು." ಮಾಮಾ ಬಿಡಿಸಿಕೊಳ್ಳುತ್ತಿದ್ದ, ಅವರು ನಗುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ನಾನು ಕಾಲುಗಳ ನಡುವೆ ನುಸುಳಿ ಹೊರಗೆ ಓಡಿದೆ.

ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಗಳ ಬಾಗಿಲೆಲ್ಲ ಬಿಸಿಲಿಗೆ ಮುಚ್ಚಿದ್ದವು. ಡಾಂಬರು ಕರಗಿ ನನ್ನ ಬರಿಗಾಲಿಗೆ ಅಂಟುತ್ತಿತ್ತು. ಮುಂದೆ, ರಸ್ತೆಯ ನಟ್ಟನಡುವೆ, ಮಂಜಣ್ಣ ನಡೆಯುತ್ತಿದ್ದ. ಅವಸರವಿಲ್ಲ. ನಾನು ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ. ಅಷ್ಟು ದಿನ ಬಾಯಿ ಬಿಡದೇ ಇದ್ದು, ಬಿಡಬೇಕಾದ ಹೊತ್ತಿಗೆ ಬರಲಿಲ್ಲ.

ಸಾವ್ಕಾರರ ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ಒಬ್ಬರು ಸಾವ್ಕಾರರು. ಇನ್ನೊಬ್ಬ ನಮ್ಮಪ್ಪ.

ನಡುವೆ ಚಹಾದ ಎರಡು ಕಪ್ಪು, ಹಾಸಿದ ಚೌಕಳಿ ಕಾಗದ. ಸಾವ್ಕಾರರು ಬಗ್ಗಿ ಕಾಗದದ ಮೇಲೆ ಬೆರಳಿಟ್ಟು ಏನೋ ಕೇಳುತ್ತಿದ್ದರು. ಅಪ್ಪ ಹೇಳುತ್ತಿದ್ದ, ಮತ್ತು ನಗುತ್ತಿದ್ದ. ಆಮೇಲೆ ತಿಳಿದದ್ದು: ವ್ಯಾಪಾರಿ ಹೇಳಿದ್ದು ಸುಳ್ಳು ಎಂದು ಸಾವ್ಕಾರರಿಗೆ ಹಿಂದಿನ ದಿನವೇ ಗೊತ್ತಾಗಿತ್ತು. ಬೆಳಿಗ್ಗೆ ಆಳು ಕಳಿಸಿ, ಮಧ್ಯಾಹ್ನ ಬಾ ಎಂದು ಅಪ್ಪನಿಗೆ ಹೇಳಿಸಿ, ಬಂದ ಮೇಲೆ ಚಹಾ ತಾವೇ ಬಸಿದು ಕೊಟ್ಟು, "ತಪ್ಪಾತು ಶಂಕ್ರಪ್ಪಾ" ಅಂದಿದ್ದರು. ಅಪ್ಪ ಅದನ್ನು ನಮಗೆ ಸಂಜೆ ಹೇಳಬೇಕೆಂದಿದ್ದನಂತೆ.

ಮಂಜಣ್ಣ ನಿಂತ. ಅಪ್ಪ ನಗುತ್ತಿರುವುದನ್ನು ನೋಡಿದ. ಹೊಡೆದವನ ಕಟ್ಟೆಯ ಮೇಲೆ, ಅವನದೇ ಚಹಾ ಕುಡಿದು, ನಗುವುದನ್ನು. ಟವಲು ಕೆಳಗೆ ಬಿತ್ತು. ಅವನು ಕುಡಗೋಲು ಎತ್ತಿ ಕಟ್ಟೆಯ ಕಡೆ ಓಡಿದ. ಸಾವ್ಕಾರರು ಇನ್ನೂ ಕಾಗದವನ್ನೇ ನೋಡುತ್ತಿದ್ದರು. ಅಪ್ಪ ಮುಖ ಎತ್ತಿದ, ಎದ್ದು ನಿಂತ, ಬಲಗೈ ಮುಂದೆ ಚಾಚಿದ. ದೂರದಿಂದ ಅದು ಬಾ ಎಂದು ಕರೆದಂತೆ ಕಂಡಿತು. ಕುಡಗೋಲು ಅಂಗೈಯಲ್ಲಿ ಇಳಿಯಿತು.

ಮಂಜಣ್ಣ ಬೀಸಿದ್ದು ಸಾವ್ಕಾರರಿಗೋ ಅಪ್ಪನಿಗೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಕೇಳಿಲ್ಲ.

ಅಪ್ಪ ಚೀರಲಿಲ್ಲ. ಕಾಗದ ಕೆಂಪಾಯಿತು. ಅವನು ಎಡಗೈಯಿಂದ ಮಂಜಣ್ಣನ ರಟ್ಟೆ ಹಿಡಿದುಕೊಂಡು, "ಮಂಜಾ, ಮನಿಗೆ ನಡಿ" ಅಂದ. ಆಮೇಲೆ ನನ್ನನ್ನು ನೋಡಿ, "ಸರೂ, ಅಣ್ಣನ ಕರಕೊಂಡು ಹೋಗು" ಅಂದ. ಸಾವ್ಕಾರರು ಹೆಗಲ ಮೇಲಿನ ಶಲ್ಯ ಎಳೆದು ಅಪ್ಪನ ಕೈಗೆ ಸುತ್ತತೊಡಗಿದ್ದರು. ಅಪ್ಪ ಅವರಿಗೆ ಮೆಲ್ಲಗೆ, "ಮಗ್ಗದಾಗ ಸಿಕ್ಕಿತು ಅಂತ ಹೇಳೂನ್ರಿ" ಎಂದದ್ದನ್ನು ನಾನು ಕೇಳಿಸಿಕೊಂಡೆ.

ದವಾಖಾನೆಯಲ್ಲಿ ಅಪ್ಪ ಹಾಗೆಯೇ ಹೇಳಿದ. ಸಾವ್ಕಾರರೂ ಹಾಗೆಯೇ ಹೇಳಿದರು. ಮಗ್ಗದಲ್ಲಿ ಅಂಗೈ ಹೀಗೆ ಸೀಳುವುದಿಲ್ಲ ಎಂದು ಡಾಕ್ಟರಿಗೆ ಗೊತ್ತಿದ್ದಿರಬೇಕು. ಅವರು ಹೊಲಿಗೆ ಹಾಕಿ, ಮೂರು ಬೆರಳಿನ ನರ ಹೋಗಿವೆ ಎಂದಷ್ಟೇ ಅಂದರು. ಮಲ್ಲಸಮುದ್ರದಿಂದ ಬಂದ ಅವ್ವ ಎಲ್ಲವನ್ನೂ ತಿಳಿದುಕೊಂಡು, ತನ್ನ ತಮ್ಮನ ಕಡೆ ಮುಖ ತಿರುಗಿಸಿ ಕೂತಳು. ಮಾಮಾ ದವಾಖಾನೆಯ ಬಾಗಿಲಲ್ಲಿ ಹರಿದ ಅಂಗಿಯಲ್ಲಿ ನಿಂತಿದ್ದ.

ಮಂಜಣ್ಣನನ್ನು ಯಾರೂ ಹೊಡೆಯಲಿಲ್ಲ. ಯಾರೂ ಬೈಯಲಿಲ್ಲ. ಎರಡು ಏಟು ಹೊಡೆದಿದ್ದರೆ ಚಲೋ ಇತ್ತು ಎಂದು ಅವ್ವ ಎಷ್ಟೋ ವರ್ಷದ ಮೇಲೆ ಅಂದಳು.

ಅಪ್ಪ ಮತ್ತೆ ಲಾಳಿ ಹಿಡಿಯಲಿಲ್ಲ. ಅವ್ವ ಸೀರೆ ಮೇಲಕ್ಕೆ ಕಟ್ಟಿ ಮಗ್ಗದ ತಗ್ಗಿಗೆ ಇಳಿದಳು. ಅಪ್ಪ ದಂಡೆಯಲ್ಲಿ ಕೂತು, ನಮ್ಮ ಕಡೆ ಹೆಂಗಸರು ಮಾಡುವ ಕೆಲಸ, ಎಡಗೈಯಿಂದ ರಾಟಿ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತತೊಡಗಿದ. ಓಣಿಯ ಗಂಡಸರು ಅದನ್ನು ನೋಡದ ಹಾಗೆ ಹಾದು ಹೋಗುತ್ತಿದ್ದರು. ಅಪ್ಪನಿಗೆ ಅದರಿಂದ ನಾಚಿಕೆಯಾದದ್ದನ್ನು ನಾನು ಕಾಣಲಿಲ್ಲ. ತೆನೆಯ ಅಂಚು ಮಾತ್ರ ಯಾರ ಸೀರೆಗೂ ಬರಲಿಲ್ಲ. ಅವ್ವನಿಗೆ ಅಷ್ಟು ಕಸುಬು ಇರಲಿಲ್ಲ. ನನ್ನ ಜಡೆ ನಾನೇ ಹಾಕಿಕೊಳ್ಳಲು ಕಲಿತೆ.

ಮಾಮಾ ಟಿವಿ, ಪೆಟ್ಟಿಗೆ ಎಲ್ಲ ಹುಬ್ಬಳ್ಳಿಗೆ ಒಯ್ದು ಕೊಟ್ಟು ಬಂದು, ಮುಂಡರಗಿಗೆ ಹೋಗಿ ಚಹಾದಂಗಡಿ ಇಟ್ಟ. ಮಿರಗದ ಮಳೆ ಬಿದ್ದು ಶಾಲೆ ಶುರುವಾದ ಮೇಲೆ ಲಾಳಿಗಳು ಬುಟ್ಟಿಗೆ ಮರಳಿದವು, ಹುಡುಗರು ಮೊದಲಿನ ಹಾಗೆ ಕಿರುಚತೊಡಗಿದರು. ಮಂಜಣ್ಣ ಶಾಲೆಗೆ ಹೋಗಲಿಲ್ಲ. ಕೆಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತ, ಅಂಗಡಿ ಇಟ್ಟ, ಮದುವೆಯಾದ, ಒಳ್ಳೆಯ ಗಂಡನಾದ, ಒಳ್ಳೆಯ ಅಪ್ಪನಾದ. ಮಾತು ಮಾತ್ರ ಬೇಕಾದಷ್ಟೇ. ಕಂಡಕ್ಟರನ ಹಾಗೆ ಬೈದು ತೋರಿಸುತ್ತಿದ್ದ ಹುಡುಗನನ್ನು ನನ್ನ ಅತ್ತಿಗೆ ನೋಡಿಯೇ ಇಲ್ಲ.

ನಾನು ಓದಿದೆ. ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಬಂದು, ಇಲ್ಲಿಯೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಾಲೇಜಿನಲ್ಲಿದ್ದಾಗ ಒಮ್ಮೆ ಮುಂಡರಗಿಗೆ ಹೋಗಿ ಮಾಮಾನನ್ನು ಕೇಳಿದ್ದೆ, ನಿನಗೆ ಇಂಗ್ಲಿಷ್ ಹೇಗೆ ಬರುತ್ತಿತ್ತು ಎಂದು. ಅವನು ಚಹಾದ ಕಪ್ಪು ಬಸಿ ಒರೆಸುತ್ತ, "ನನಗ ಎಲ್ಲಿ ಬರ್ತಿತ್ತವಾ" ಅಂದ. "ನಾಕ ಶಬ್ದ ಗೊತ್ತಿದ್ವು. ಉಳಿದದ್ದು ನಾನ ಕಟ್ಟಿ ಹೇಳ್ತಿದ್ದೆ. ಗಂಡಸಂದ್ರ ಹಿಂಗ ಇರ್ತಾನ ಅಂತ ಎಲ್ಲಾರೂ ಅಂತಿದ್ರಲ್ಲ, ಹಂಗ." ಈಗ ಮಾಮಾ ಇಲ್ಲ.

ಹೋದ ಮಳೆಗಾಲದಲ್ಲಿ ನಾನು ಆ ಸಿನಿಮಾದ ಕತೆ ಹೇಳಿದ್ದನ್ನು ಕೇಳಿ ನನ್ನ ಮಗಳು ಲ್ಯಾಪ್‌ಟಾಪಿನಲ್ಲಿ ಅದನ್ನು ಹುಡುಕಿ ಕೊಟ್ಟಳು. ಮೂವತ್ತೈದಕ್ಕೂ ಹೆಚ್ಚು ವರ್ಷದ ಮೇಲೆ, ಈಗ ಮಾತು ತಿಳಿಯುವ ಕಿವಿಯಿಂದ ನೋಡಿದೆ. ಹೊಸ್ತಿಲಿನ ದೃಶ್ಯ ಬಂದಾಗ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಕೇಳಿದೆ. ಮೂರು ಸಲ ಕೇಳಿದೆ. ಅವನು ಹೇಳುವುದು ಇಷ್ಟು: ಮೂರು ರಾತ್ರಿಯಿಂದ ನನಗೆ ನಿದ್ದೆಯಿಲ್ಲ, ಭಯವಾಗುತ್ತಿದೆ, ನನ್ನ ಅಪ್ಪ ಇದನ್ನು ಬೇಡಿರಲಿಲ್ಲ. ನೀನು ಈ ಬಾಗಿಲು ಹಾಕಿಬಿಡು, ನನ್ನನ್ನು ಒಳಗೇ ಇಟ್ಟುಕೋ, ಹೊರಗೆ ಹೋಗಲು ಬಿಡಬೇಡ.

ಮಾಮಾನಿಗೆ ಗೊತ್ತಿದ್ದ ನಾಲ್ಕು ಶಬ್ದಗಳಲ್ಲಿ ಬಾಗಿಲು ಒಂದು, ಹಾಕು ಒಂದು ಇದ್ದಿರಬೇಕು. ತಿಂಗಳೆಲ್ಲ ಅವನು ಹೇಳಿದ್ದು ಅವನೇ ಕಟ್ಟಿದ್ದು. ಹೆದರಿ ಸುಳ್ಳು ಹೇಳಿದ ಆ ಒಂದು ದಿನ, ತನಗೇ ಗೊತ್ತಿಲ್ಲದೆ, ಖರೆ ಹೇಳಿದ್ದ. ಅವತ್ತು ಎಲ್ಲರೂ ನಕ್ಕಿದ್ದರು.

ಇದೇ ಕತೆಯನ್ನು ಕೆಲವು ವರ್ಷದ ಹಿಂದೆ ಇಂಗ್ಲಿಷ್ ಸಿನಿಮಾದವರು ಹೊಸದಾಗಿ ತೆಗೆದಿದ್ದಾರೆ ಎಂದು ಮಗಳು ಅದನ್ನೂ ತೋರಿಸಿದಳು. ಹೊಸದರಲ್ಲಿ ಧಣಿ ಹಣ್ಣು ಮುದುಕ. ನಾಯಕ ಪಿಸ್ತೂಲು ಎತ್ತಿ, ಹೊಡೆಯಲಾರದೆ, ರಸ್ತೆಯ ನಡುವೆ ಕೂತು ಬಾಯಿ ತೆರೆದು ಅಳುತ್ತಾನೆ. ವಿಧವೆ ಬಂದು ಪಕ್ಕದಲ್ಲಿ ಕೂರುತ್ತಾಳೆ. "ಈಗಿನ ಹೀರೋಗಳು ಹಿಂಗ ಅವ್ವಾ, ಅಳ್ತಾರ" ಎಂದಳು ಮಗಳು. ನನಗೇಕೋ ಆ ಅಳು ಸಲೀಸಾಗಿ ಬಂದಂತೆ ಅನ್ನಿಸಿತು. ಹಳೆಯದರಲ್ಲಿ ಅವನು ಮುಖ ತಿರುಗಿಸಿಕೊಂಡು ಅಂಜಿಕೆ ಹೇಳಿದ್ದ. ಹೇಳಲು ಕಷ್ಟಪಟ್ಟಿದ್ದ.

ಎಳ್ಳಮಾಸಿ ಹಬ್ಬದ ಮುಂದೆ, ಅತ್ತಿಗೆ ಬಡಿದ ಸಜ್ಜಿರೊಟ್ಟಿ ಕೊಡಲು ಮಂಜಣ್ಣ ಬಂದಿದ್ದ. ಹಳೆಯದನ್ನು ತೋರಿಸಲು ನನಗೆ ಧೈರ್ಯವಾಗಲಿಲ್ಲ. ಹೊಸದನ್ನು ಹಾಕಿದೆ. ಅವನು ಕುರ್ಚಿಯಲ್ಲಿ ಅಲುಗಾಡದೆ ಕೂತು ನೋಡಿದ. ಕತೆಯ ಗುರುತು ಅವನಿಗೆ ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿತ್ತು. ನಾಯಕ ಅಳುವುದು ಮುಗಿದ ಮೇಲೆ, ನಾನು ಕೇಳದೆಯೇ, ಮಾತಾಡಿದ.

"ಅಪ್ಪಗ ದಾಡಿ ನಾನ ಮಾಡ್ತಿದ್ದೆ, ಗೊತ್ತೈತಲ್ಲ ನಿನಗ."

ಗೊತ್ತಿತ್ತು. ಎಡಗೈಯಲ್ಲಿ ಅಪ್ಪನಿಗೆ ಕತ್ತಿ ಹಿಡಿತಕ್ಕೆ ಬರುತ್ತಿರಲಿಲ್ಲ. ರವಿವಾರ ಬೆಳಿಗ್ಗೆ ಅಂಗಳದಲ್ಲಿ ಇಬ್ಬರೂ ಎದುರುಬದುರು ಮಣೆ ಹಾಕಿಕೊಂಡು ಕೂರುತ್ತಿದ್ದರು. ಅಪ್ಪ ಇರುವ ತನಕ, ಹತ್ತೊಂಬತ್ತು ವರ್ಷ.

"ಒಂದ ಸಲ ಅಂವಾ ಏನೋ ಹೇಳಾಕ ಬಾಯಿ ತಗದ" ಎಂದ ಮಂಜಣ್ಣ. "'ಮಂಜಾ, ಅವತ್ತ...' ಅಂದ. ಗಲ್ಲದ ತುಂಬ ಸಾಬಾನು ಇತ್ತು. ನನ್ನ ಕತ್ತಿ ಅವನ ಗಂಟಲದ ಮ್ಯಾಲ ಇತ್ತು. 'ಮಾತಾಡಬ್ಯಾಡಪ್ಪಾ, ಕೊಯ್ತೈತಿ' ಅಂದೆ."

"ಮತ್ತ?"

"ಸುಮ್ಮಾದ."

"ಆಮ್ಯಾಲರ ಕೇಳಬೇಕಿಲ್ಲ, ಏನು ಅಂತ?"

"ಮಾರಿ ಒರಸ್ಕೊಂಡು ಬಿಸಲಿಗೆ ಹೋಗಿ ಕುಂತ. ನಾ ಬಟ್ಟಲಾ ತೊಳದಿಟ್ಟೆ." ಅವನು ತನ್ನ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡ. "ಅದರ ಮುಂದಿನ ರವಿವಾರ ಕೇಳಬೇಕಂತ ಮಾಡಿದ್ದೆ. ಅವತ್ತೂ ಆಗಲಿಲ್ಲ."

ಹತ್ತೊಂಬತ್ತು ವರ್ಷದ ರವಿವಾರಗಳು. ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುವಷ್ಟು ಹತ್ತಿರ ಕೂತು, ನನ್ನ ಅಪ್ಪ ಮತ್ತು ನನ್ನ ಅಣ್ಣ ಆ ಒಂದು ಮಾತನ್ನು ಆಡದೆ ಕಳೆದರು.